ಎಣಿಸದೆ ಕಾಯುವವಳು

ಭಾಗ್ಯಜ್ಯೋತಿ ತರಗತಿಯಲ್ಲಿ ಹಾಜರಿ ಕೂಗುವುದಿಲ್ಲ. ಒಂದು ಕಾಲು ಹೊಸ್ತಿಲ ಮೇಲಿಟ್ಟು, ಎಡಗಣ್ಣು ತುಸು ಕಿರಿದು ಮಾಡಿ, ಈ ಗೋಡೆಯಿಂದ ಆ ಗೋಡೆಯವರೆಗೆ ಕೂತ ಹುಡುಗಿಯರ ಮೇಲೆ ಒಮ್ಮೆ ನೋಟ ಹಾಯಿಸಿ, "ಶ್ರೀಲಕ್ಷ್ಮೀ ಬಂದಿಲ್ಲ" ಎನ್ನುತ್ತಾಳೆ. ಅಷ್ಟೇ. ಪುಸ್ತಕದಲ್ಲಿ ಗುರುತು ಹಾಕುವುದು ಆಮೇಲೆ. ಮಾನ್ವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸತೊಡಗಿ ಏಳು ವರ್ಷ, ಒಮ್ಮೆಯೂ ತಪ್ಪಿಲ್ಲವಂತೆ.

ಇದು ಎಲ್ಲಿಂದ ಬಂತೆಂದು ತಾಯಿ ಆದೆಮ್ಮನಿಗೆ ಗೊತ್ತು. ರಾಯಚೂರು ಸೀಮೆಯ ಜಾಲಹಳ್ಳಿಯ ಆಚೆ, ಕುರಿದೊಡ್ಡಿಯ ಬಾಗಿಲಲ್ಲಿ, ಆಕೆಯ ಗಂಡ ಗುರುಸಿದ್ದ ಸಂಜೆ ಹೊತ್ತು ಹೀಗೇ ನಿಲ್ಲುತ್ತಿದ್ದ. ಎಣಿಸಿದರೆ ಮಂದೆ ಸೊರಗುತ್ತದೆ ಎಂಬುದು ಅವರ ಮನೆತನದ ನಂಬಿಕೆ. ಸುಮ್ಮನೆ ನೋಡಿ, "ಬೂದಿ ಬಂದಿಲ್ಲ" ಎಂದವನೇ, ಆದೆಮ್ಮ ತಂದ ನೀರನ್ನೂ ಮುಟ್ಟದೆ ಬಂದ ದಾರಿಯಲ್ಲೇ ತಿರುಗುತ್ತಿದ್ದ. ಬೂದಿ ಎಂದರೆ ಬೂದು ಬಣ್ಣದ ಕುರಿ. ಪುಟ್ಟ ಮಗಳು ಅವನ ಹಿಂದೆ ಓಡುತ್ತಿದ್ದಳು.

ವಿಜಯಪುರಕ್ಕೆ ಹೋಗಿ, ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ ಬಂದರೂ ಆ ಮಗಳ ನಡಿಗೆ ಬದಲಾಗಲಿಲ್ಲ. ಅಪ್ಪ ಕುರಿ ಕಾಯುವ ಕೋಲನ್ನು ಇಡುತ್ತಿದ್ದಂತೆ ಕೊಡೆಯನ್ನು ಹೆಗಲ ಮೇಲೆ ಅಡ್ಡ ಇಟ್ಟು, ಎರಡೂ ಮುಂಗೈ ಅದರ ಮೇಲೆ ಜೋತುಬಿಟ್ಟು, ಹುಡುಗಿಯರನ್ನೆಲ್ಲ ಮುಂದೆ ಬಿಟ್ಟು ತಾನು ಹಿಂದೆ ನಡೆಯುತ್ತಾಳೆ. ಬಿಸಿಲಿಗೆ ಆ ಕೊಡೆ ಬಿಚ್ಚಿದ್ದನ್ನು ಕಂಡವರಿಲ್ಲ. ಪ್ರಾಂಶುಪಾಲ ವಿಬುಧೇಂದ್ರಾಚಾರ್ಯರು ಒಮ್ಮೆ ನಕ್ಕು ಅಂದರು:

"ಮೇಡಂ, ಇದು ಕಾಲೇಜರೀ, ಕುರಿದೊಡ್ಡಿ ಅಲ್ಲ."

"ದೊಡ್ಡಿ ಆಗಿದ್ರ ಚಲೋ ಇತ್ತು ಸರ್. ಸಂಜಿ ಮುಂದ ಎಲ್ಲಾ ತಿರುಗಿ ಬರ್ತಿದ್ವು."

ಶ್ರೀಲಕ್ಷ್ಮೀ ಮೂರು ದಿನ ಬಾರದಿದ್ದಾಗ ಭಾಗ್ಯಜ್ಯೋತಿ ಅವಳ ಊರಿಗೇ ಹೋದಳು. ಹುಡುಗಿ ತಾಯಿಯೊಂದಿಗೆ ಹತ್ತಿ ಬಿಡಿಸುತ್ತಿದ್ದಳು. ಈಕೆ ಬುದ್ಧಿಮಾತು ಹೇಳಲಿಲ್ಲ. ಸೀರೆಯ ಸೆರಗನ್ನೇ ಜೋಳಿಗೆಯಂತೆ ಒಡಿ ಕಟ್ಟಿಕೊಂಡು, ಹೊತ್ತು ಮುಳುಗುವವರೆಗೂ ಸಾಲು ಹಿಡಿದು ಹತ್ತಿ ಬಿಡಿಸಿ, ಕೊನೆಗೆ, "ನಾಳಿ ಕೆಲಸಾನೂ ಇವತ್ತ ಆತಲ್ಲವಾ. ನಾಳಿ ಕಳಸು" ಎಂದಳು. ತಾಯಿ ಕಳಿಸಿದಳು.

ಹೀಗೆ ಕಂಡವರ ಮಗಳಿಗಾಗಿ ಹೊಲ ಹೊಕ್ಕವಳು ಸ್ವಂತ ಅಪ್ಪ ಸತ್ತಾಗ ಅಳಲಿಲ್ಲ. ಕಳೆದ ಯುಗಾದಿಗೆ ಮುಂಚೆ ಗುರುಸಿದ್ದ ಮೂರು ದಿನದ ಜ್ವರಕ್ಕೆ ಹೋದ. ದಿನಕರ್ಮ ತೀರಿಸಿ ಮಗಳು ಮಾನ್ವಿಯ ಬಸ್ಸು ಹತ್ತಿದಳು. "ಕಲಿತಾಕಿ ನೋಡವಾ, ಕಣ್ಣೀರನ್ನೂ ಅಳೆದು ಹಾಕ್ತಾಳ" ಎಂದಳು ಓಣಿಯ ಒಬ್ಬಳು. ಆದೆಮ್ಮನಿಗೆ ಅದು ನಾಟಿತು. ಗಂಡನ ಕಂಬಳಿ ಗೂಟದಲ್ಲೇ ಇದೆ. ಇವತ್ತಿಗೂ ಸಂಜೆಯಾದರೆ ಒಂದು ತಂಬಿಗೆ ನೀರು ಕಟ್ಟೆಯ ಮೇಲಿಡುತ್ತಾಳೆ. ಬೆಳಗ್ಗೆ ಅದನ್ನು ಬೇವಿನ ಬುಡಕ್ಕೆ ಸುರಿಯುತ್ತಾಳೆ. ಆಕೆಗಿದ್ದದ್ದು ಒಂದೇ ಆಸೆ: ಮಗಳ ಬಾಯಿಂದ ಒಮ್ಮೆ 'ಅಪ್ಪ' ಎಂಬ ಮಾತು ಕೇಳಬೇಕು.

"ಅಪ್ಪನ ನೆನಪು ಬರ್ತದೇನು ನಿನಗ?" ಎಂದು ಫೋನಿನಲ್ಲಿ ಕೇಳಿದರೆ, "ಉಂಡಿ ಏನು ಯವ್ವಾ?" ಎನ್ನುತ್ತಿದ್ದಳು ಮಗಳು.

ಈ ಸಲ ರಾಯಚೂರಿನಲ್ಲಿ ಒಂದು ಸಭೆ. ವಿಜಯಪುರದ ಆ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದಿ ಹೆಸರು ಮಾಡಿದ ಈ ಸೀಮೆಯ ಹೆಣ್ಣುಮಕ್ಕಳಿಗೆ ಸನ್ಮಾನ. ಭಾಗ್ಯಜ್ಯೋತಿ ತಾಯಿಯನ್ನು ಕರೆತಂದು ಮೂರನೇ ಸಾಲಿನಲ್ಲಿ ಕೂಡಿಸಿ, ಪಕ್ಕದ ಕುರ್ಚಿಯ ಮೇಲೆ ಕೊಡೆ ಇಟ್ಟಳು.

"ಇಲ್ಲಿ ಯಾರ್ನೂ ಕೂಡಿಸಬ್ಯಾಡ."

ಯಾರೋ ಗೆಳತಿ ಬರುವವಳಿರಬೇಕು ಎಂದುಕೊಂಡಳು ಆದೆಮ್ಮ.

ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ನೀರು ಪರೀಕ್ಷಿಸುವ ಪೂರ್ಣಶ್ರೀ ಮೊದಲು ಶಾಲು ಹೊದ್ದಳು. ಪತ್ರಿಕೆಯಲ್ಲಿ ಬರೆಯುವವಳೊಬ್ಬಳು, ಬ್ಯಾಂಕು ನಡೆಸುವವಳೊಬ್ಬಳು. ಎಲ್ಲರ ಸಾಧನೆಯನ್ನೂ ಅಂಕಿಗಳಲ್ಲಿ ಓದಿದರು. ಭಾಗ್ಯಜ್ಯೋತಿಯ ಸರದಿ ಬಂದಾಗ ನಿರೂಪಕಿ ಕೇಳಿದಳು: "ಈವರೆಗೆ ಎಷ್ಟು ಹುಡುಗಿಯರನ್ನು ಕಾಲೇಜಿಗೆ ಮರಳಿ ಕರೆತಂದಿದ್ದೀರಿ ಮೇಡಂ?"

"ಎಣಿಸಿಲ್ರೀ. ಎಣಿಸಬ್ಯಾಡ ಅಂದಿದ್ದ ನಮ್ಮಪ್ಪ."

ಆದೆಮ್ಮನ ಕೈ ಸೆರಗಿಗೆ ಹೋಯಿತು.

ಮಗಳು ವೇದಿಕೆಯ ಅಂಚಿಗೆ ಬಂದಳು. ಎಡಗಣ್ಣು ಕಿರಿದಾಯಿತು. ಈ ಗೋಡೆಯಿಂದ ಹೊರಟ ನೋಟ ಆ ಗೋಡೆ ಮುಟ್ಟಿ, ತಿರುಗಿ ಬಂದು, ಮೂರನೇ ಸಾಲಿನ ಕೊಡೆಯ ಮೇಲೆ ನಿಂತಿತು.

"ಒಬ್ಬ ಬಂದಿಲ್ಲ" ಎಂದಳು.

ಸಭೆಯವರು ಏನೋ ತಮಾಷೆ ಎಂದು ಚಪ್ಪಾಳೆ ತಟ್ಟಿದರು. ಆಕೆ ಕೆಳಗಿಳಿದು ಬಂದಳು. ಆದೆಮ್ಮ ಕೊಡೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಆ ಕುರ್ಚಿಯಲ್ಲಿ ಮಗಳನ್ನು ಕೂಡಿಸಿಕೊಂಡಳು. ಆಮೇಲೆ ಇಬ್ಬರೂ ಅತ್ತರು.

ಎಣಿಸುವವರಿಗೆ ಬಂದವರು ಕಾಣುತ್ತಾರೆ. ಎಣಿಸದೆ ಕಾಯುವ ಜಾತಿಯವರಿಗೆ ಮೊದಲು ಕಾಣುವುದು ಬಾರದವರು. ಅವರು ಮಾತಾಡದಿದ್ದರೆ ಮರೆತರೆಂದು ತಿಳಿಯಬಾರದು. ಅವರು ಇನ್ನೂ ಬಾಗಿಲಲ್ಲೇ ನಿಂತಿರುತ್ತಾರೆ.