ಕಾಗದಕ್ಕೊಂದು ಕೋಣೆ

ಯೋಗಾನಂದ ಸಾಹೇಬರ ಕಾಗದಪತ್ರಗಳಿಗೆ ಶೀತವಾಗಬಾರದೆಂದು ದಾನಮ್ಮನನ್ನು ಮನೆ ಬಿಡಿಸಿದರು.

ಮನೆ ಎಂದರೆ ಚಂದ್ರಾ ಲೇಔಟಿನ ಆ ಬಂಗಲೆಯ ಹಿಂದೆ, ಕಾರು ಶೆಡ್ಡಿಗೆ ಆತುಕೊಂಡಿದ್ದ ಒಂದು ಕೋಣೆ. ಮಳೆ ಬಂದರೆ ಪಾತ್ರೆಗಳೆಲ್ಲ ಸೋರುವ ಜಾಗಗಳಿಗೆ ಹೋಗುತ್ತಿದ್ದವು, ಅಡುಗೆಗೆ ಉಳಿಯುತ್ತಿರಲಿಲ್ಲ. ಗೇಟು ಕಾಯುತ್ತಿದ್ದ ಗಂಡ ಮುನಿಯಪ್ಪ ಲಕ್ವ ಹೊಡೆದ ಮೇಲೆ ಮಂಚ ಹಿಡಿದಿದ್ದ. ಆ ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆಯುವುದೇ ದಾನಮ್ಮನ ಮಳೆಗಾಲ.

ಸಾಹೇಬರು ಹಲವು ಊರುಗಳಲ್ಲಿ ಪೌರಾಯುಕ್ತರಾಗಿದ್ದವರು. ಬಡವರಿಗೆ ಸೂರು ಕೊಡುವ ಆದೇಶಗಳಿಗೆ ಸಹಿ ಹಾಕಿ ಹಾಕಿ ಕೈ ಸೋತವರು. ಮನೆಗೆಲಸದ ದಾನಮ್ಮ ಕೋಣೆ ಸೋರುವ ವಿಷಯ ತೆಗೆದರೆ, "ನೋಡೋಣ ಕಣಮ್ಮ" ಎನ್ನುತ್ತಿದ್ದರು. ಪಾಪ, ನೋಡುತ್ತಲೇ ತೀರಿಕೊಂಡರು. ಹೋಗುವ ಮುಂಚೆ ಬಾಯಿ ತುಂಬ ಹೇಳಿದ್ದರು: "ನೀವಿಬ್ರೂ ಇರೋವರೆಗೂ ಆ ಕೋಣೆ ನಿಮ್ದೇ." ಜೀವಮಾನವೆಲ್ಲ ಬರವಣಿಗೆಯಲ್ಲೇ ಆಡಳಿತ ನಡೆಸಿದ ಮನುಷ್ಯ, ಈ ಒಂದು ಆದೇಶವನ್ನು ಮಾತ್ರ ಗಾಳಿಗೆ ಬಿಟ್ಟರು.

ಮಗಳು ಮಾಲವಿಕಾ ಬೀರು ತೆಗೆದರೆ ಬರೀ ಕಾಗದ. ವರ್ಗಾವಣೆ ಆದೇಶ, ಸನ್ಮಾನಪತ್ರ, ತಾತನ ಜಾತಕ, ಮದುವೆ ಕರೆಯೋಲೆ, ಧೋಬಿ ಚೀಟಿ. ಸುಘೋಷ್ ಎಂಬ ದಾಖಲೆ ತಜ್ಞ ಬಂದು, ಬಿಳಿ ಗ್ಲೌಸು ಹಾಕಿಕೊಂಡು ಧೋಬಿ ಚೀಟಿಯನ್ನು ಹಸುಗೂಸಿನಂತೆ ಎತ್ತಿದ.

"ಅಮೂಲ್ಯ ಮೇಡಂ. ಒಂದು ಕಾಲದ ಬದುಕೇ ಇದರಲ್ಲಿದೆ."

ಸಂಗ್ರಹಾಲಯ ಆಗಲೇಬೇಕೆಂದು ತೀರ್ಮಾನವಾಯಿತು. ಕೆಳಗಿನ ಮನೆ ಹಲ್ಲಿನ ಡಾಕ್ಟರಿಗೆ ಬಾಡಿಗೆಗೆ ಹೋಗಿತ್ತು, ಮೇಲೆ ಮಾಲವಿಕಾಳ ಸಂಸಾರ. ಉಳಿದದ್ದು ದಾನಮ್ಮನ ಕೋಣೆ.

"ಅಲ್ಲಿ ಸೋರುತ್ತಲ್ಲ ಮೇಡಂ, ಕಾಗದ ತಡೆಯಲ್ಲ," ಎಂದ ಸುಘೋಷ್.

"ರಿಪೇರಿ ಮಾಡಿಸೋಣ ಬಿಡಿ. ಅಪ್ಪನ ನೆನಪಲ್ವಾ?"

ಕಾಫಿ ತಂದಿದ್ದ ದಾನಮ್ಮ ಅಲ್ಲೇ ನಿಂತಳು. "ಅಮ್ಮಾ, ನಾವು?"

"ನಾಯಂಡಹಳ್ಳಿ ಕಡೆ ಎಲ್ಲಾದ್ರೂ ನೋಡ್ಕೊಳ್ಳಿ ದಾನಮ್ಮ. ಕೆಲಸಕ್ಕೆ ಬರಬೇಡಿ ಅಂತ ಹೇಳ್ತಿಲ್ವಲ್ಲ."

"ಕೋಣೆ ನಿಮ್ದೇ ಅಂದಿದ್ರಲ್ಲಮ್ಮ ಸಾಹೇಬ್ರು."

"ರೈಟಿಂಗಲ್ಲಿ ಏನಾದ್ರೂ ಇದೆಯಾ?"

ಇರಲಿಲ್ಲ. ಧೋಬಿ ಚೀಟಿ ಇತ್ತು, ಈ ಮಾತಿಗೆ ಚೀಟಿ ಇರಲಿಲ್ಲ.

ನಾಯಂಡಹಳ್ಳಿಯಲ್ಲಿ ಗುಜರಿ ಗೋಡೌನಿನ ಪಕ್ಕ ತಗಡಿನ ಶೆಡ್ಡು ಸಿಕ್ಕಿತು. ಮುನಿಯಪ್ಪ ತಗಡಿನ ಕಾವಿಗೆ ಒಳಗೇ ಬೆಂದ. ಸೊಟ್ಟಗಾದ ಬಾಯಲ್ಲಿ "ಮನೆಗೆ... ಮನೆಗೆ..." ಎಂದು ಕನವರಿಸಿದ. ದಾನಮ್ಮ ದಿನಾ ಕೆಲಸಕ್ಕೆ ಬಂದು ತನ್ನ ಕೋಣೆ ಸುಖಪಡುವುದನ್ನು ಕಣ್ಣಾರೆ ನೋಡಿದಳು. ತಾರಸಿಗೆ ಗಾರೆ, ನೆಲಕ್ಕೆ ಟೈಲ್ಸು, ಗೋಡೆಗೆ ಏಸಿ, ಗೆದ್ದಲಿಗೆ ಔಷಧಿ. ಒಂದು ಸಂಜೆ ಜೋರು ಮಳೆ ಹಿಡಿಯಿತು. ಕೋಣೆ ಗುಡಿಸುತ್ತಿದ್ದವಳು ತಲೆಯೆತ್ತಿ ನಿಂತಳು. ಒಂದು ಹನಿಯೂ ಬೀಳಲಿಲ್ಲ. ಅಲ್ಲೇ ಕೂತು ಅತ್ತಳು.

ಪಕ್ಕದ ಮನೆಯಲ್ಲಿ ಅಡುಗೆ ಮಾಡುವ ಶಿವಕ್ಕ ಕಾಂಪೌಂಡಿನಾಚೆಯಿಂದ ಕೇಳಿದಳು:

"ಅತ್ರೆ ಏನ್ ಬಂತು? ಬೀಗದ ಕೈ ಯಾರತ್ರ ಐತೆ?"

"ನನ್ನತ್ರಾನೆ. ಗುಡಿಸೋಕೆ ಕೊಟ್ಟವ್ರೆ."

"ಇನ್ನೇನೇ ಮತ್ತೆ?"

ಉದ್ಘಾಟನೆಯ ದಿನ ಬೆಳಿಗ್ಗೆ ಮಾಲವಿಕಾ ಪಾರ್ಲರಿಗೆ ಹೋಗಿದ್ದಾಗ ಗೂಡ್ಸ್ ಆಟೋ ಬಂತು. ಬೀದಿಯ ಮನೆಗೆಲಸದ ಹೆಂಗಸರೆಲ್ಲ ಸೇರಿ ಮುನಿಯಪ್ಪನನ್ನು ಮಂಚದ ಸಮೇತ ಕೋಣೆಯೊಳಗೆ ಸಾಗಿಸಿದರು. ಕಾಗದದ ಪೆಟ್ಟಿಗೆಗಳನ್ನು ಜೋಪಾನವಾಗಿ ಕಾರು ಶೆಡ್ಡಿನಲ್ಲಿ ಜೋಡಿಸಿ ಟಾರ್ಪಾಲು ಹೊದಿಸಿದರು. ದಾನಮ್ಮ ಸ್ಟೌ ಹಚ್ಚಿದಳು.

ಮುಂದಿನ ಅಂಗಳದ ಶಾಮಿಯಾನದಲ್ಲಿ ಸಭೆ ಶುರುವಾಯಿತು. ನಿವೃತ್ತ ಅಧಿಕಾರಿಯೊಬ್ಬರು ಮೈಕು ಹಿಡಿದರು. "ಬಡವನ ತಲೆ ಮೇಲೊಂದು ಸೂರಿರಬೇಕು, ಅದೇ ಯೋಗಾನಂದರ ಉಸಿರಾಗಿತ್ತು!" ಆ ಹೊತ್ತಿಗೆ ಹಿಂದಿನಿಂದ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಬಂದು ಅವರ ಉಸಿರೇ ಕಟ್ಟಿತು.

ಮಾಲವಿಕಾ ರೇಷ್ಮೆ ಸೀರೆ ಎತ್ತಿ ಹಿಡಿದು ಹಿತ್ತಲಿಗೆ ಓಡಿಬಂದಳು. "ಏನಿದು ದಾನಮ್ಮ! ಅಪ್ಪನ ಪೇಪರ್ಸ್ ಎಲ್ಲಿ?"

"ಶೆಡ್ಡಲ್ಲಿ ಬೆಚ್ಚಗವೆ ಕಣಮ್ಮ. ಮನೆ ರಿಪೇರಿ ಬಲು ಚೆನ್ನಾಗಿ ಮಾಡಿಸಿದೀರ. ದೇವ್ರು ನಿಮ್ಮನ್ನ ತಣ್ಣಗಿಟ್ಟಿರ್ಲಿ."

"ಪೊಲೀಸ್ ಕರೀತೀನಿ!"

"ಕರೀರಿ."

ಪೇದೆಯೊಬ್ಬ ಬಂದ. ಬಾಗಿಲಿನ ಮುಂದೆ ಹೆಂಗಸರು ಒತ್ತೊತ್ತಾಗಿ ಕೂತಿದ್ದರು.

"ಏಳ್ರಮ್ಮ! ಯಾರು ನೀವೆಲ್ಲ?"

"ಕೆಲಸದವ್ರು ಸಾರ್," ಎಂದಳು ಶಿವಕ್ಕ. "ಇವತ್ತು ಈ ಬೀದೀಲಿ ಯಾರ ಮನೆ ಪಾತ್ರೇನೂ ತೊಳ್ದಿಲ್ಲ. ಇವಳನ್ನ ಹೊರಕ್ಕೆ ಹಾಕಿದ್ರೆ ನಾಳೆನೂ ತೊಳೆಯಲ್ಲ."

ಸೂರಿನ ಭಾಷಣಕ್ಕೆ ಚಪ್ಪಾಳೆ ತಟ್ಟಿದ್ದ ಅಕ್ಕಪಕ್ಕದ ಮನೆಯವರು ಆಗ ನಿಜಕ್ಕೂ ಗಾಬರಿಯಾದರು. "ಹೋಗ್ಲಿ ಬಿಡಿ ಮಾಲವಿಕಾ, ಪಾಪ," ಎಂದು ಒಬ್ಬರು ತೊದಲಿದರು. ಬಡವರ ಮೇಲೆ ಕರುಣೆ ಹುಟ್ಟಲು ಸಿಂಕು ತುಂಬಬೇಕು.

ಪೇದೆ ಹೆಂಗಸರ ನಡುವೆ ದಾರಿ ಹುಡುಕಿ ಹೊಸ್ತಿಲವರೆಗೆ ಬಂದ. ದಾನಮ್ಮ ಸೌಟು ಹಿಡಿದೇ ಎದುರಾದಳು.

"ಬನ್ನಿ ಸಾರ್, ಬಾಗ್ಲಲ್ಲೇ ನಿಂತ್ರೆ ಹೆಂಗೆ? ನಮ್ಮನೆಗೆ ಬಂದಿದೀರ. ಊಟ ಮಾಡ್ಕೊಂಡು ಹೋಗಿ."

ಬೂಟು ಬಿಚ್ಚಬೇಕೋ ಬೇಡವೋ ತಿಳಿಯದೆ ಪೇದೆ ಅಲ್ಲೇ ನಿಂತ.