ಮೂತಿ ಕಳಚಿದ ಹೂಜಿ

ಹಿಡಿಕೆಗೆ ಉರಿ ಕೊಡುವಾಗ ಹೂಜಿಯ ಮೂತಿ ಕಳಚಿ ಬಿತ್ತು. ಇದು ಎರಡನೇ ಸಲ. ಬೆಳಿಗ್ಗೆ ಬಿದ್ದಾಗ ನಾನು ತುಟಿ ಬಿಗಿಹಿಡಿದಿದ್ದೆ. ಈಗ ಆಗಲಿಲ್ಲ.

"ಏನ್ರೀ, ಗ್ಯಾಸ್ ಟಾರ್ಚ್ ಹಿಡ್ಕೊಂಡು ಯಾವ ಲೋಕದಲ್ಲಿದ್ದೀರಿ?" ಅಂದೆ.

ನಮ್ಮ ಮನೆಯವರು ಇಕ್ಕಳದಿಂದ ಮೂತಿಯನ್ನೆತ್ತಿ ನೀರಿಗೆ ಹಾಕಿದರು. "ನನ್ನದೇ ತಪ್ಪು," ಎಂದರು. ಅಷ್ಟು ಸುಲಭವಾಗಿ ತಪ್ಪು ಒಪ್ಪಿಕೊಳ್ಳುವ ಆಸಾಮಿಯಲ್ಲ ಅವರು. ಮೂವತ್ತೆರಡು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ನಮ್ಮದು ಬೆಳ್ಳಿ ಪಾತ್ರೆ ರಿಪೇರಿಯ ಅಂಗಡಿ. ಬೆಂಕಿ ಅವರದು, ಬೆಸುಗೆ ನನ್ನದು. ಬೆಳ್ಳಿಗೆ ಹಿತ್ತಾಳೆ ಸೇರಿಸಿ ಮೂಸೆಯಲ್ಲಿ ಕರಗಿಸಿ, ತೆಳ್ಳಗೆ ತಟ್ಟಿ, ಎಳ್ಳಿನಷ್ಟು ಚೂರು ಮಾಡಿ ಎರಡು ಡಬ್ಬಿಗೆ ತುಂಬುವವಳು ನಾನು. ಹಿತ್ತಾಳೆ ಕಡಿಮೆ ಇದ್ದರೆ ಗಟ್ಟಿ ಬೆಸುಗೆ, ಜೋರು ಉರಿಗೆ ಮಾತ್ರ ಕರಗುತ್ತದೆ. ಹೆಚ್ಚಿದ್ದರೆ ಮೆದು, ಬೇಗ ಕರಗುತ್ತದೆ. ಒಂದೇ ಪಾತ್ರೆಗೆ ಎರಡು ಕಡೆ ಬೆಸೆಯಬೇಕಾದರೆ ಮೊದಲು ಗಟ್ಟಿ, ಆಮೇಲೆ ಮೆದು. ತಿರುವುಮುರುವಾದರೆ ಎರಡನೆಯದಕ್ಕೆ ಉರಿ ಕೊಡುವಾಗ ಮೊದಲನೆಯದು ಕಳಚಿಕೊಳ್ಳುತ್ತದೆ.

ಹಾಗಾದರೆ ಇವರು ಮೂತಿಗೆ ಮೆದು ಹಾಕಿದರೇ? ಗಟ್ಟಿಯ ಡಬ್ಬಿಯಿಂದಲೇ ತೆಗೆದದ್ದನ್ನು ನಾನು ನೋಡಿದ್ದೆನಲ್ಲ. ಇಲ್ಲ, ಬೆಳಿಗ್ಗೆ ನಾನು ಫೋನಿನಲ್ಲಿದ್ದೆ. ಆದರೆ ಎರಡನೇ ಸಲ ಎದುರಿಗೇ ಇದ್ದೆ. ಬೆಸುಗೆ ಹರಿಯಲೆಂದು ಹಚ್ಚುವ ಬಿಳಿಗಾರ ಕೆಟ್ಟಿದೆಯೇನೋ ಅಂದುಕೊಂಡೆ. ಬಿಳಿಗಾರ ಕೆಟ್ಟರೆ ಬೆಸುಗೆ ಹರಿಯುವುದೇ ಇಲ್ಲ, ಇದು ಚೆನ್ನಾಗಿಯೇ ಹರಿದಿತ್ತು. ಉರಿ ಹೆಚ್ಚಾಯಿತೇನೋ ಅಂದರೆ ಹೂಜಿ ಮಂದ ಕೆಂಪನ್ನೂ ದಾಟಿರಲಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಕೊನೆಗೆ ಉಳಿದವರು ಅವರೊಬ್ಬರೇ. ನಿನ್ನೆ ಜ್ವರವೆಂದು ಅಂಗಡಿಗೆ ಬಂದಿರಲಿಲ್ಲ. ವಯಸ್ಸು ಎಪ್ಪತ್ತರ ಹತ್ತಿರ. ಕೈಗೆ ಮೊದಲಿನ ಹಿಡಿತವಿಲ್ಲ, ಒಪ್ಪಿಕೊಳ್ಳಬೇಕಾದ್ದೇ. ಇನ್ನು ಟಾರ್ಚ್ ಕೆಳಗಿಡಿ ಎಂದು ಇವತ್ತು ಹೇಳಲೇಬೇಕು. ಆದರೆ ಅದನ್ನು ಕಿತ್ತುಕೊಂಡರೆ ಈ ಮನುಷ್ಯ ಬೆಳಿಗ್ಗೆ ಎದ್ದು ಮಾಡುವುದೇನು?

"ಎರಡೂ ಡಬ್ಬಿಯಿಂದ ಒಂದೊಂದು ಚೂರು ಕೊಡಿ. ಕರಗಿಸಿ ನೋಡೇ ಬಿಡೋಣ," ಅಂದೆ.

"ಬೇಡ ಬಿಡು. ಊಟದ ಹೊತ್ತಾಯ್ತು."

"ಊಟ ಎಲ್ಲೂ ಓಡಿಹೋಗಲ್ಲ."

"ನನ್ನದೇ ತಪ್ಪು ಅಂದ್ನಲ್ಲ. ಮತ್ಯಾಕೆ ಕೆದಕ್ತೀಯ?" ಎಂದು ಡಬ್ಬಿಗಳ ಮೇಲೆ ಕೈಯಿಟ್ಟರು.

ಅವರ ಕೈ ಸರಿಸಿದೆ. ಇದ್ದಿಲಿನ ಮೇಲೆ ಎರಡು ಚೂರು ಪಕ್ಕಪಕ್ಕ ಇಟ್ಟು ನಾನೇ ಉರಿ ಹಿಡಿದೆ. ಎಡಕ್ಕೆ ಗಟ್ಟಿ, ಬಲಕ್ಕೆ ಮೆದು. ಬಲಗಡೆಯದು ಮೊದಲು ಕರಗಬೇಕು. ಕರಗಿ ಉಂಡೆಯಾದದ್ದು ಎಡಗಡೆಯದು. ಇಡುವಾಗ ಅದಲುಬದಲಾಯಿತೇನೋ ಎಂದು, ಈ ಸಲ ಯಾವ ಡಬ್ಬಿಯದು ಯಾವ ಕಡೆ ಎಂದು ಬಾಯಲ್ಲಿ ಹೇಳಿಕೊಂಡೇ ಇಟ್ಟೆ. ಮತ್ತೆ ಹಾಗೇ ಆಯಿತು.

"ಯಾರ್ರೀ ಮೆದೂನ ಗಟ್ಟಿ ಡಬ್ಬಿಗೆ ತುಂಬಿದ್ದು? ನಿನ್ನೆ ಅಂಗಡೀಲಿ ನಾನೊಬ್ಳೇ ಇದ್ದೆ," ಅಂದೆ.

ಆ ಮಾತು ಹೊರಗೆ ಬಂದ ಮೇಲೆ ನನಗೇ ಕೇಳಿಸಿತು. ಮೂಸೆ ಇಟ್ಟದ್ದು ನೆನಪಿದೆ. ತಟ್ಟಿದ್ದು ನೆನಪಿದೆ. ಯಾವುದಕ್ಕೆ ಎಷ್ಟು ಹಿತ್ತಾಳೆ ಹಾಕಿದೆ, ಯಾವುದನ್ನು ಯಾವ ಡಬ್ಬಿಗೆ ತುಂಬಿದೆ? ಎಷ್ಟು ತಡಕಾಡಿದರೂ ಏನೂ ಸಿಗಲಿಲ್ಲ. ನನಗೆ ಭಯವಾಯಿತು.

"ಒಂದ್ಸಲ ಎಲ್ರಿಗೂ ಆಗತ್ತೆ," ಎಂದರು.

"ಒಂದೇ ಸಲಾನಾ? ನನ್ ಮುಖ ನೋಡಿ ಹೇಳಿ."

ನೋಡಿದರು. "ಮೂರು ತಿಂಗಳಾಯ್ತು ಕಣೆ. ಸಂಜೆ ನೀನು ಮನೆಗೆ ಹೋದ್ಮೇಲೆ ದಿನಾ ಕರಗಿಸಿ ನೋಡ್ತಿದ್ದೆ. ತಪ್ಪಿದ್ರೆ ಬೇರೆ ಮಾಡಿಡ್ತಿದ್ದೆ. ನಿನ್ನೆ ಏಳಕ್ಕಾಗ್ಲಿಲ್ಲ. ಇವತ್ತು ನೀನು ಎದುರಿಗೇ ಕೂತಿದ್ದೆ, ಹೇಗೆ ನೋಡ್ಲಿ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಬೆಳಿಗ್ಗೆಯಿಂದ ಬೈಸಿಕೊಂಡು ಕೂತಿದ್ದರಲ್ಲ, ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ನಾನು ನಂಬುತ್ತಿದ್ದೆನೇ? ಮೂರು ತಿಂಗಳು ಅಂಗಡಿಯಲ್ಲಿ ಒಂದು ಪಾತ್ರೆಯೂ ಕಳಚಿರಲಿಲ್ಲ. ಮನೆಯಲ್ಲೂ ಹಾಲು ಉಕ್ಕಿರಲಿಲ್ಲ, ಬಾಗಿಲಿಗೆ ಬೀಗ ಹಾಕುವುದು ಮರೆತಿರಲಿಲ್ಲ, ನನ್ನ ಮಾತ್ರೆಗಳ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಎಲ್ಲ ಸರಿಯಾಗಿಯೇ ನಡೆದಿತ್ತು.

"ಇನ್ನೂ ಏನೇನು ಸರಿ ಮಾಡಿಟ್ಟಿದ್ದೀರಿ?" ಎಂದು ಕೇಳಿದೆ.

ಅವರು ನನ್ನ ಕೈಯಿಂದ ಟಾರ್ಚ್ ತೆಗೆದು ಆರಿಸಿ ನನ್ನ ಪಕ್ಕಕ್ಕೆ ಬಂದು ಕೂತರು. ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.