ತಗ್ಗಿನ ಕಿಟಕಿ

"ಇದೊಂದೇ ನನಗೆ ಬಗೆಹರೀತಿಲ್ಲ." ಇಂಜಿನಿಯರಮ್ಮ ಮೊಣಕಾಲೂರಿ ಟೇಪು ಹಿಡಿದಳು. "ನೆಲದಿಂದ ಬರೀ ಒಂದೂವರೆ ಅಡಿ. ಇಷ್ಟು ತಗ್ಗಲ್ಲಿ ಯಾರಾದ್ರೂ ಕಿಟಕಿ ಇಡ್ತಾರಾ?"

ಕೇಳಿಸಿಕೊಂಡವಳು ಈ ಮನೆಯ ಮಗಳು. ಇಪ್ಪತ್ತಾರು ವರ್ಷಗಳ ಮೇಲೆ ತಾನು ಹುಟ್ಟಿದ ಮನೆಯೊಳಗೆ ನಿಂತಿದ್ದಳು. ಗಿರಣಿ ಕೆಲಸಗಾರರಿಗೆಂದು ಕಟ್ಟಿಸಿದ ಸಾಲಿನಲ್ಲಿ ಉಳಿದದ್ದು ಇದೊಂದೇ: ಎರಡು ಕೋಣೆ, ಒಂದು ಅಟ್ಟ, ನೂರನಲವತ್ತು ವರ್ಷ. ಅದನ್ನು ಸ್ಮಾರಕವಾಗಿ, ಕಟ್ಟಿದ ದಿನ ಹೇಗಿತ್ತೋ ಹಾಗೆಯೇ ಉಳಿಸಬೇಕೆಂದು ತೀರ್ಮಾನವಾಗಿತ್ತು. ಆಮೇಲೆ ಸೇರಿದ್ದೆಲ್ಲ ಹೋಗಬೇಕು. ನಲ್ಲಿ ಹೋಗಿತ್ತು. ಅಮ್ಮ ತಿಕ್ಕಿ ತಿಕ್ಕಿ ನುಣುಪಾಗಿಸಿದ್ದ ಸಿಮೆಂಟು ನೆಲವನ್ನೂ ಅಗೆದು, ಕೆಳಗಿನ ಇಟ್ಟಿಗೆ ಹಾಸನ್ನು ಹೊರತೆಗೆದಿದ್ದರು. ಉಳಿದ ಅನುಮಾನ ಈ ಕಿಟಕಿಯದು. ಅದಕ್ಕೇ ಕೊನೆಯ ಬಾಡಿಗೆದಾರರ ಮಕ್ಕಳಾದ ಅವಳನ್ನೂ ಅಣ್ಣನನ್ನೂ ಕರೆಸಿದ್ದರು.

"ಮರ ಹಳೇದು. ಮೊಳೆ ಇಲ್ಲ, ಬೆಣೆ ಹೊಡೆದಿದಾರೆ. ಗಾರೆನೂ ಹಾಗೇ ಇದೆ. ಎಲ್ಲ ಮೂಲದ್ದೇ ಅನ್ನತ್ತೆ, ಎತ್ತರ ಒಂದು ಬಿಟ್ಟು."

ಅನ್ನದೆ ಏನು? ಅಪ್ಪ ಬಡಗಿ. ಬೀದಿಯವರು ಇಟ್ಟ ಹೆಸರು 'ಅರ್ಧಂಗುಲ'. ಅರ್ಧ ಅಂಗುಲ ಹೆಚ್ಚುಕಡಿಮೆಯಾದರೂ ಅನ್ನ ಇಳಿಯದ ಮನುಷ್ಯ. ಗಿರಣಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡು ನೆಲದ ಹಾಸಿಗೆ ಹಿಡಿದ ಅಮ್ಮ, "ಸೂರಿನ ಹೆಂಚು ಎಣಿಸಿ ಎಣಿಸಿ ಸಾಕಾಯ್ತು ಕಣ್ರೀ" ಎಂದದ್ದೇ ತಡ, ಕೆಡವುತ್ತಿದ್ದ ಪಕ್ಕದ ಮನೆಯಿಂದ ಕಿಟಕಿಯ ಚೌಕಟ್ಟು ಹೊತ್ತು ತಂದು, ಬಿಚ್ಚಿ ಅಳತೆಗೆ ಕೊಯ್ದು ಮತ್ತೆ ಬೆಣೆ ಹೊಡೆದ. ಮನೆ ಮಾಲೀಕನಿಗೆ ಗೊತ್ತಾಗದಂತೆ ಹಳೆಯ ಗಾರೆಗೆ ಹೊಸ ಗಾರೆ ಹೊಂದಿಸಿದ. ಗೋಡೆಗೆ ಉಳಿ ತಾಗಿಸುವ ಮೊದಲು ಅಮ್ಮನ ಪಕ್ಕದಲ್ಲಿ ತಾನೂ ಮಲಗಿ, ಕಣ್ಣಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದ.

"ಜನರ ಕಾಲು ಮಾತ್ರ ಕಂಡ್ರೆ ಸಾಕಾ, ಮುಖಾನೂ ಬೇಕಾ?"

"ನಿಮ್ಮ ಮುಖ ನೋಡಿದ್ದೇ ಸಾಕಾಗಿದೆ. ಬೇರೆಯವರದು ತೋರ್ಸಿ."

ಆರು ವರ್ಷ ಅಮ್ಮ ಬೀದಿ ನೋಡಿದಳು. ಹೊರಗೆ ಹೋಗುವಾಗಲೆಲ್ಲ ಅಣ್ಣ ಆ ಕಿಟಕಿಗೆ ಕೈ ಬೀಸುತ್ತಿದ್ದ.

"ನಿಮ್ಮ ತಂದೆ-ತಾಯಿ ಈ ಮನೆಗೆ ಬಂದಾಗ ಇದು ಇತ್ತಾ, ಆಮೇಲೆ ಆಯ್ತಾ?" ಇಂಜಿನಿಯರಮ್ಮ ತಲೆ ಎತ್ತಿದಳು. "ಆಮೇಲಿನದಾದ್ರೆ ನಾಳೆ ಮುಚ್ಚಿಸಿಬಿಡ್ತೀನಿ."

ಹೊರಗೆ ಮೆಟ್ಟಿಲ ಮೇಲೆ ಮಂಡಿನೋವಿನ ಅಣ್ಣ ಕೂತಿದ್ದ. ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದ: "ಅಪ್ಪನ ಹೆಸರು ಬರೆಸು. ಊರವರ ಬಾಗಿಲೆಲ್ಲ ಮಾಡಿದ, ಒಂದರ ಮೇಲೂ ಅವನ ಹೆಸರಿಲ್ಲ."

ಅವಳು ಚೌಕಟ್ಟಿನ ಮೂಲೆಯ ಮೇಲೆ ಬೆರಳಿಟ್ಟಳು. ಎರಡು ಮರ ಸೇರಿದ ಗೆರೆ ಉಗುರಿಗೂ ಸಿಗಲಿಲ್ಲ.

"ಇತ್ತು," ಎಂದಳು. "ನಾವು ಬರೋ ಮೊದಲಿಂದ್ಲೂ ಇತ್ತು."

"ನನಗೂ ಹಾಗೇ ಅನ್ಸಿತ್ತು." ಇಂಜಿನಿಯರಮ್ಮನ ಮುಖ ಅರಳಿತು. "ಯಾರೋ ಕೈ ಪಳಗಿದ ಮನುಷ್ಯ. ಹೆಸರು ಸಿಕ್ಕಿದ್ರೆ ಎಷ್ಟು ಚೆನ್ನಾಗಿರೋದು."

ಹಾಳೆಯ ಮೇಲೆ 'ಬಡಗಿ' ಎಂಬುದರ ಮುಂದೆ 'ತಿಳಿದಿಲ್ಲ' ಎಂದು ಬರೆದು ತಿರುಗಿಸಿ ಕೊಟ್ಟಳು. ಮಗಳು ಅದರ ಕೆಳಗೆ ರುಜು ಹಾಕಿದಳು.

ಹೊರಗೆ ಅಣ್ಣ ಕೇಳಿದ, "ಹೇಳಿದ್ಯಾ?"

"ಕಿಟಕಿ ಉಳೀತು."

"ನಾನು ಕೇಳಿದ್ದು ಅದಲ್ಲ."

ಅವಳು ಕೈ ಚಾಚಿದಳು. ಅವನು ಅದನ್ನು ಹಿಡಿಯದೆ, ಗೋಡೆಗೆ ಆತು ತಾನೇ ಎದ್ದ. ಇಬ್ಬರೂ ಮನೆಯ ಪಕ್ಕದ ಬೀದಿಗೆ ತಿರುಗಿದರು. ಫೋಟೋ ತೆಗೆಯಲೆಂದು ಇಂಜಿನಿಯರಮ್ಮ ಒಳಗೆ ನೆಲದ ಮೇಲೆ ಮಲಗಿದ್ದಳು. ತಗ್ಗಿನ ಕಿಟಕಿಯಲ್ಲಿ ಅವಳ ಮುಖ ಕಂಡಿತು. ಒಳಗಿನಿಂದಲೇ ಕೈ ಬೀಸಿದಳು.

ಅಣ್ಣನ ಕೈ ತಾನಾಗಿ ಮೇಲೆದ್ದಿತು. ಎತ್ತಿದ ಕೈಯನ್ನು ಇಳಿಸಲು ಅವನು ಬಹಳ ಹೊತ್ತು ತೆಗೆದುಕೊಂಡ.